ಅಣ್ಣನ ಪಾಲಿನ ಉಸಿರು

ದೂರು ಬಂದಾಗ ಠಾಣೆಯಲ್ಲಿ ಬೆಳಗಿನ ಹಾಜರಿ ಇನ್ನೂ ಮುಗಿದಿರಲಿಲ್ಲ. ಸೈಕಲ್ ರಿಪೇರಿಯವನ ಮಗಳು ಕೂರಲು ಹೇಳಿದರೂ ಕೂರಲಿಲ್ಲ.

"ಟ್ಯಾಂಕರ್ ಕಂಪನಿಯವರು ನಮ್ಮಪ್ಪನೇ ಅಡ್ಡ ಬಂದ ಅಂತಿದಾರೆ ಸಾರ್. ಅಪ್ಪ ಅಂಗಡಿ ಒಳಗೆ ಪಂಕ್ಚರ್ ಹಾಕ್ತಿದ್ರು. ಅಂಗಡಿಯೇನು ಎದ್ದು ಹೋಗಿ ರಸ್ತೇಲಿ ನಿಂತ್ಕೊಳ್ತಾ?"

ಅಂಗಡಿಗೆ ಟ್ಯಾಂಕರ್ ನುಗ್ಗಿ ಅವಳಪ್ಪ ಹಿಂದಿನ ದಿನವಷ್ಟೇ ಸತ್ತಿದ್ದ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ದಫೇದಾರನನ್ನು ಕರೆದುಕೊಂಡು ಸ್ಥಳಕ್ಕೆ ಹೋದರು. ಪಂಚನಾಮೆಯಲ್ಲಿ ಬರೆಯುವುದಕ್ಕೆ ಹೆಚ್ಚೇನೂ ಇರಲಿಲ್ಲ. ಬ್ರೇಕ್ ಹಾಕಿದ ಗುರುತಿಲ್ಲ. ಅಂಗಡಿಯ ಗೋಡೆಯೂ ಉಳಿದಿಲ್ಲ. ಟ್ಯಾಂಕರಿನ ಕ್ಯಾಬಿನ್ನಿನಲ್ಲಿ ಬಾಟಲಿಯಾಗಲೀ ಲೋಟವಾಗಲೀ ಸಿಗಲಿಲ್ಲ. ಕಂಪನಿಯ ಗೇಟು ಅಲ್ಲಿಂದ ಎರಡೇ ತಿರುವು.

ಆಸ್ಪತ್ರೆಯವರು ಡ್ರೈವರನಿಂದ ತೆಗೆದಿಟ್ಟಿದ್ದ ರಕ್ತದ ವರದಿ ಬಂತು. ಅವನು ಕುಡಿದಿದ್ದ.

ಕಂಪನಿಯ ಮಾಲೀಕ ಮಾತ್ರ ಜಗ್ಗಲಿಲ್ಲ. "ನಿಯಮ ಚಾಚೂ ತಪ್ಪಿಲ್ಲ ಸಾರ್. ಕುಡಿದಿದ್ರೆ ತೋರಿಸೋ ಯಂತ್ರಕ್ಕೆ ಊದದೆ ನಮ್ಮ ಒಂದು ಗಾಡೀನೂ ಗೇಟ್ ದಾಟಲ್ಲ. ಅವತ್ತು ಅವನದೂ ಸೊನ್ನೆ ಬಂದಿತ್ತು."

"ಊದಿಸೋದು ಯಾರು?"

"ಗೇಟ್ ಉಸ್ತುವಾರಿ. ಡ್ರೈವರನ ತಮ್ಮನೇ."

"ಸಂಬಂಧಿಕರು ಪರೀಕ್ಷೆ ಮಾಡಬಾರದು ಅಂತ ನಿಯಮದಲ್ಲಿದೆ."

"ಇದೆ ಸಾರ್. ಆದ್ರೆ ಹುಡುಗ ನಂಬಿಕಸ್ಥ. ಇನ್ನೊಬ್ಬನನ್ನ ಎಲ್ಲಿಂದ ತರ್ಲಿ?"

ಉಸ್ತುವಾರಿ ಪಕ್ಕದಲ್ಲೇ ನಿಂತಿದ್ದ. ಕೇಳಿದ್ದಕ್ಕೆಲ್ಲ "ಊದಿದ್ದ ಸಾರ್" ಎಂದಷ್ಟೇ ಹೇಳಿದ.

ಯಂತ್ರವನ್ನು ಜಪ್ತಿ ಮಾಡಿ ಇನ್‌ಸ್ಪೆಕ್ಟರ್ ಆಸ್ಪತ್ರೆಗೆ ಹೋದರು. ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಡ್ರೈವರ್ ಕೇಳುವ ಮೊದಲೇ ಶುರು ಮಾಡಿದ.

"ಗೇಟ್ ದಾಟಿದ ಮೇಲೆ ಕುಡಿದೆ ಸಾರ್. ತಪ್ಪೆಲ್ಲ ನಂದು. ನನ್ನ ತಮ್ಮನಿಗೇನೂ ಗೊತ್ತಿಲ್ಲ."

"ಬಾಟಲಿ?"

"ಕಿಟಕಿಯಿಂದ ಎಸೆದೆ."

"ದಿನಾ ಯಂತ್ರಕ್ಕೆ ಊದ್ತಿದ್ರಾ?"

"ದಿನಾ. ತಪ್ಪದೆ."

ಇನ್‌ಸ್ಪೆಕ್ಟರ್ ಯಂತ್ರವನ್ನು ಅವನ ಕೈಗೆ ಕೊಟ್ಟರು. "ಈಗೊಂದು ಸಲ ಊದಿ."

ಡ್ರೈವರ್ ಅದನ್ನು ಮುಷ್ಟಿಯಲ್ಲಿ ಹಿಡಿದ. ಗಾಳಿ ಹೊರಹೋಗುವ ತೂತು ಅಂಗೈಯಡಿ ಮುಚ್ಚಿಹೋಯಿತು. ಕೆನ್ನೆ ಉಬ್ಬಿಸಿ ಊದಿದ. ಊದಿದ್ದು ಸರಿಯಾಗಲಿಲ್ಲವೆಂದು ಯಂತ್ರ ಕಿರುಚಿತು. ಮತ್ತೆ ಊದಿದ, ಮತ್ತೆ ಕಿರುಚಿತು. ಮೂರನೇ ಸಲ ಬೀಡಿಯಂತೆ ತುಟಿಗಿಟ್ಟು ಒಳಕ್ಕೆ ಎಳೆದ.

"ಇದು ಸೇದೋದಲ್ಲ ಯಜಮಾನ್ರೇ" ಎಂದ ದಫೇದಾರ.

ಡ್ರೈವರ್ ಯಂತ್ರವನ್ನು ಹೊದಿಕೆಯ ಮೇಲಿಟ್ಟು ಗೋಡೆಯ ಕಡೆ ಮುಖ ತಿರುಗಿಸಿದ. ಕಿವಿಯವರೆಗೆ ಕೆಂಪೇರಿತ್ತು. ಇನ್‌ಸ್ಪೆಕ್ಟರಿಗೂ ಯಾಕೋ ಅಲ್ಲಿ ನಿಲ್ಲಲಾಗಲಿಲ್ಲ.

ಸಂಜೆ ಮಾಲೀಕನನ್ನೂ ಉಸ್ತುವಾರಿಯನ್ನೂ ಠಾಣೆಗೆ ಕರೆಸಿದಾಗ, ಉಸ್ತುವಾರಿಗೆ ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳಿದ್ದೇ ಸಾಕಾಯಿತು.

"ಅವನ ಬದಲು ಊದ್ತಿದ್ದೋನು ಯಾರು?"

"ನಾನೇ ಸಾರ್."

"ಅವತ್ತು ವಾಸನೆ ಬಂದಿತ್ತಾ?"

"ಬಂದಿತ್ತು."

"ಮತ್ತೆ ಯಾಕೆ ಬಿಟ್ಟೆ?"

"ಯಂತ್ರ ಬಂದ ಮೊದಲನೇ ದಿನ ಅಣ್ಣನ ಮುಂದೆ ಹಿಡಿದೆ ಸಾರ್. 'ನಿನ್ನ ಸಿಂಬಳ ಒರೆಸಿದ ಕೈ ಕಣೋ ಇದು, ನನ್ನ ಬಾಯಿ ಮೂಸೋಕೆ ಬಂದ್ಯಾ?' ಅಂದ. ಡ್ರೈವರುಗಳೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಆಮೇಲೆ ಊದು ಅನ್ನೋಕೆ ನಾಲಿಗೆ ಏಳಲಿಲ್ಲ. ಯಾಕೆ ಊದಿಸಲ್ಲ ಅಂತ ಅವನೂ ಕೇಳಲಿಲ್ಲ."

ಮಾಲೀಕ ಎದ್ದು ನಿಂತ. "ನೋಡಿದ್ರಾ ಸಾರ್? ಇದರಲ್ಲಿ ನಂದೇನಿದೆ?"

"ಅಣ್ಣನ ಬಾಯಿ ಮೂಸು ಅಂತ ತಮ್ಮನನ್ನ ನಿಲ್ಲಿಸಿದ್ದು ನೀವು. ನಿಯಮ ಗೊತ್ತಿದ್ದೂ ನಿಲ್ಲಿಸಿದ್ರಿ. ಕೂತ್ಕೊಳ್ಳಿ, ನಿಮ್ಮ ಹೆಸರೂ ಸೇರುತ್ತೆ."

ಇಬ್ಬರನ್ನೂ ಬಂಧಿಸಲಾಯಿತು. ಡ್ರೈವರನ ವಾರ್ಡಿಗೆ ಕಾವಲು ಹಾಕಲಾಯಿತು. ಸೈಕಲ್ ರಿಪೇರಿಯವನ ತಪ್ಪೇನೂ ಇಲ್ಲವೆಂಬುದನ್ನು ಠಾಣೆಗೆ ಬಂದಿದ್ದ ಮಗಳಿಗೆ ದಫೇದಾರ ವರದಿಯಿಂದ ಓದಿ ಹೇಳಿದ. ಅವಳು ಆಗ ಬೆಂಚಿನ ಮೇಲೆ ಕೂತಳು.

ಬಂಧನದ ವಿಷಯವನ್ನು ಮನೆಯವರಲ್ಲಿ ಒಬ್ಬರಿಗೆ ತಿಳಿಸಬೇಕಿತ್ತು.

"ಯಾರಿಗೆ ಹೇಳೋಣ?" ದಫೇದಾರ ಉಸ್ತುವಾರಿಯನ್ನು ಕೇಳಿದ.

"ಇರೋದು ಅಣ್ಣ ಒಬ್ಬನೇ."

"ಫೋನ್ ಕೊಡ್ತೀನಿ, ನೀನೇ ಹೇಳ್ತೀಯಾ?"

ಉಸ್ತುವಾರಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ನೀವೇ ಹೇಳಿಬಿಡಿ ಸಾರ್. ನನಗೆ ಅವನ ಹತ್ರ ಮಾತು ಹೊರಡಲ್ಲ."