ಹೊಸ ಕಲಾಯಿಯ ಚೆಂಬು

ಹುಣಸೆಹುಳಿಯ ಉಂಡೆಯಿಂದ ಬೆಲ್ಟಿನ ಹಿತ್ತಾಳೆ ಬಿಲ್ಲೆಯನ್ನು ಅರ್ಧ ತಿಕ್ಕಿ ಆಗಿತ್ತು. ಅಷ್ಟರಲ್ಲಿ ಕಡಬ ಠಾಣೆಯ ಜಗಲಿಗೆ ಚನಿಯಪ್ಪ ಬಂದು ನಿಂತ. ಹೆಡ್ ಕಾನ್‌ಸ್ಟೇಬಲ್ ಡೊಂಬಯ್ಯ ತಲೆಯೆತ್ತಿ ನೋಡಿದರೆ ಆ ಮನುಷ್ಯನ ಮುಖದಲ್ಲಿ ರಕ್ತವೇ ಇಲ್ಲ. 1963ರ ಏಪ್ರಿಲ್ 22, ಸೋಮವಾರ.

"ಎಂತ ಚನಿಯಪ್ಪ?"

"ದೊಡ್ಡ ಮಗಳನ್ನು ಮಣ್ಣು ಮಾಡಿ ಬಂದೆ ಡೊಂಬಯ್ಯಣ್ಣ, ಹರಿಣಾಕ್ಷಿಯನ್ನು. ಈಗ ಸಣ್ಣವಳು ಸೀತುವಿಗೂ ಅದೇ ಹೊಟ್ಟೆನೋವು. ಅತ್ತಿಗೆ ಕೈಮದ್ದು ಹಾಕಿದ್ದು. ಬರ್ಕೊಳ್ಳಿ."

ಅನ್ನದಲ್ಲಿ ಕದ್ದು ಹಾಕುವ ವಿಷಕ್ಕೆ ಆ ಕಡೆ ಕೈಮದ್ದು ಎನ್ನುತ್ತಾರೆ. ಅತ್ತಿಗೆ ಎಂದರೆ ಪೂವಮ್ಮ, ಸತ್ತ ಅಣ್ಣನ ಹೆಂಡತಿ. ಮಕ್ಕಳ ತಾಯಿ ಬಾಣಂತನದಲ್ಲಿ ತೀರಿದ ಮೇಲೆ ಇಬ್ಬರನ್ನೂ ಸಾಕಿದವಳು ಅವಳೇ. ಬಂಜೆಯ ಕಣ್ಣು ಮಕ್ಕಳ ಮೇಲೆ ಎಂದು ಊರು ಆಗಲೇ ತೀರ್ಪು ಕೊಟ್ಟಾಗಿತ್ತು.

ಸಬ್ ಇನ್ಸ್‌ಪೆಕ್ಟರ್ ಚೆನ್ನಕೇಶವ ಎಫ್‌ಐಆರ್ ಬರೆದರು. ಮರುದಿನ ತಹಶೀಲ್ದಾರರ ಎದುರು ಹೂತ ಮಗುವನ್ನು ತೆಗೆದು ಪಂಚನಾಮೆ ಆಯಿತು. ಸೀತುವನ್ನು ಬಸ್ಸಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಸಾಗಿಸಿದರು. ವೈದ್ಯರು ಮಗುವಿನ ತುಟಿ ಸರಿಸಿ ಡೊಂಬಯ್ಯನಿಗೆ ವಸಡು ತೋರಿಸಿದರು. ಹಲ್ಲಿನ ಬುಡದಲ್ಲಿ ಶಾಯಿ ಎಳೆದ ಹಾಗೆ ನೀಲಿ ಗೆರೆ.

"ಇದು ಕೈಮದ್ದಲ್ಲ, ಸೀಸ. ದಿನಾ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋಗಿದೆ. ಎಲ್ಲಿಂದ ಅಂತ ನೀವೇ ಹುಡುಕಬೇಕು."

ಡೊಂಬಯ್ಯ ಚನಿಯಪ್ಪನ ಮನೆಗೆ ಹೋದ. ಪೂವಮ್ಮ ದನದ ಹಟ್ಟಿಯ ಮಗ್ಗುಲಲ್ಲಿ ಕೂತಿದ್ದಳು. ಮೈದುನ ಅವಳನ್ನು ಒಳಗೆ ಬಿಟ್ಟಿರಲಿಲ್ಲ.

"ಪೂವಕ್ಕ, ಅಡಿಗೆ ಯಾವುದರಲ್ಲಿ ಮಾಡುದು?"

"ಮಣ್ಣಿನ ಅಳಗೆಯಲ್ಲಿ."

"ಮಕ್ಕಳಿಗೆ ಬೇರೆ ಉಂಟಾ?"

"ಗಂಜಿ ಒಂದೇ. ಪುನರ್ಪುಳಿ ನೀರು ಮಾತ್ರ ಆ ಹಿತ್ತಾಳೆ ಚೆಂಬಿನಲ್ಲಿ. ಶಿವರಾತ್ರಿಗೆ ಕಲಾಯಿ ಹಾಕಿಸಿದ್ದು. ಸಂಜೆ ಹಣ್ಣಿನ ಒಣಸಿಪ್ಪೆ ನೆನೆ ಹಾಕಿ ಬೆಳಿಗ್ಗೆ ಕೊಡುದು."

"ನೀವು ಕುಡಿಯುದಿಲ್ವಾ?"

"ಮಕ್ಕಳಿಗೆ ಅಂತ ಇಟ್ಟದ್ದನ್ನು ದೊಡ್ಡವರು ಕುಡಿಯುದುಂಟಾ?"

"ಹೊಟ್ಟೆನೋವು ಬಂದ ಮೇಲೆ?"

"ಇನ್ನೂ ಜಾಸ್ತಿ ಕೊಟ್ಟೆ. ಪುನರ್ಪುಳಿ ತಂಪಲ್ವಾ?"

ಮನೆಗೆಲ್ಲ ಅದೊಂದೇ ಒಳ್ಳೆಯ ಪಾತ್ರೆ. ಡೊಂಬಯ್ಯ ಅದನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದ. ಕಂಠದವರೆಗೆ ಬೆಳ್ಳಗೆ ಹೊಳೆಯುವ ಕಲಾಯಿ, ತವರದ ಲೇಪದ ಹಾಗೆಯೇ. ಹುಳಿನೀರು ನಿಲ್ಲುವ ತಳದಲ್ಲಿ ಮಾತ್ರ ಅದು ಕರಗಿ ಹಿತ್ತಾಳೆಯ ಹಳದಿ ಇಣುಕುತ್ತಿತ್ತು. ಹುಳಿ ಲೋಹವನ್ನು ತಿನ್ನುತ್ತದೆ ಎಂದು ದಿನಾ ಬಿಲ್ಲೆ ತಿಕ್ಕುವವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಂಚರ ಸಹಿ ಹಾಕಿಸಿ ಚೆಂಬನ್ನು ವಶಕ್ಕೆ ತೆಗೆದುಕೊಂಡ.

ಕಲಾಯಿ ಹಾಕಿದವನು ಕಡಬ ಪೇಟೆಯ ಮಹಾಬಲ. ಅಪ್ಪನ ಕಾಲದಿಂದ ನಡೆದ ಅಂಗಡಿ; ಪಂಜದಿಂದ ಆಲಂಕಾರಿನವರೆಗೆ ಪಾತ್ರೆ ಅಲ್ಲಿಗೇ ಬರುವುದು. ಮಫ್ತಿಯಲ್ಲಿ ಒಬ್ಬ ಪೇದೆ, ಜೊತೆಗೆ ಇಬ್ಬರು ಪಂಚರು ಹೋಗಿ ಒಂದು ತಪಲೆಗೆ ಕಲಾಯಿ ಹಾಕಿಸಿ ತಂದರು. ತಪಲೆ, ಚೆಂಬು ಎರಡಕ್ಕೂ ಅರಗಿನ ಮುದ್ರೆ ಒತ್ತಿ ಬೆಂಗಳೂರಿನ ರಸಾಯನ ಪರೀಕ್ಷಕರಿಗೆ ಕಳಿಸಿದರು.

ಆ ದಿನವೇ ಡೊಂಬಯ್ಯ ಊರೂರಿನ ಪಟೇಲರಿಗೆ ಒಂದು ಪತ್ರ ಬರೆದು ಸಾಹೇಬರ ಮುಂದಿಟ್ಟ. ಹೊಸ ಕಲಾಯಿಯ ಪಾತ್ರೆಯಲ್ಲಿ ಹುಳಿ ಇಡಬಾರದು, ಮಕ್ಕಳಿಗೆ ಕೊಡಬಾರದು, ಮನೆಮನೆಗೆ ತಿಳಿಸಬೇಕು. ಅಷ್ಟೇ.

"ನೀವೆಂತ ಡಾಕ್ಟರೋ ಡೊಂಬಯ್ಯ?" ಎಂದರು ಚೆನ್ನಕೇಶವ. "ವರದಿ ಬರಲಿ. ಈಗಲೇ ಡಂಗುರ ಹೊಡೆದರೆ ಅವ ಸರಕು ಹೊಳೆಗೆ ಹಾಕಿ ಕೈತೊಳೆದುಕೊಳ್ತಾನೆ."

"ಮಕ್ಕಳು ಕುಡಿತಾ ಇದ್ದಾರೆ ಸಾರ್."

"ಕಾನೂನು ಅಂತ ಒಂದು ಉಂಟಲ್ಲ ಮಾರಾಯ್ರೆ."

ಪತ್ರ ಮೇಜಿನ ಖಾನೆಯೊಳಗೆ ಹೋಯಿತು. ಡೊಂಬಯ್ಯ ದಿನಾ ಕೇಳಿದ. ದಿನಾ ಅದೇ ಉತ್ತರ. ಅಂಗಡಿಯ ತಿದಿ ಊದುವ ಸದ್ದು ಠಾಣೆಗೆ ಕೇಳುತ್ತಿತ್ತು. ಪಾತ್ರೆ ಹೊತ್ತ ಹೆಂಗಸರು ಠಾಣೆಯ ಎದುರಿಂದಲೇ ಹೋದರು, ಬಂದರು. ಅವನು ಜಗಲಿಯಲ್ಲಿ ಕೂತು ನೋಡಿದ.

ಮೇ 28ರಂದು ಪಂಜದಿಂದ ಸುದ್ದಿ ಬಂತು: ಎರಡು ವರ್ಷದ ಗಂಡುಮಗು, ಹೊಟ್ಟೆನೋವು, ಸೆಳವು, ವಸಡಿನಲ್ಲಿ ಗೆರೆ. ವರದಿ ಬಂದದ್ದು ಮೂವತ್ತಕ್ಕೆ. ಕಲಾಯಿಯಲ್ಲಿ ತವರಕ್ಕಿಂತ ಸೀಸವೇ ಹೆಚ್ಚು.

ಮಹಾಬಲ ಓಡಲಿಲ್ಲ. ಸರಕು ಅಡಗಿಸಿಯೂ ಇರಲಿಲ್ಲ. ಮೀನುಬಲೆಗೆ ಕಟ್ಟುವ ಸೀಸದ ಗುಂಡುಗಳು ಗೋಣಿಯಲ್ಲಿ ಬಾಗಿಲ ಹತ್ತಿರವೇ ಇದ್ದವು.

"ಸೀಸ ಅಂತ ಗೊತ್ತಿತ್ತಲ್ಲ?" ಡೊಂಬಯ್ಯ ಕೇಳಿದ.

"ಗೊತ್ತಿತ್ತು. ಜೀವ ತೆಗೀತದೆ ಅಂತ ಗೊತ್ತಿರಲಿಲ್ಲ. ಚೀನಾದ ಗಲಾಟೆ ಆದ ಮೇಲೆ ತವರ ಸಿಗುದೇ ಇಲ್ಲ."

"ಇಲ್ಲ ಅಂತ ಹೇಳಬಹುದಿತ್ತು."

"ಮದುವೆ, ಬಾಣಂತನ ಅಂತ ಪಾತ್ರೆ ಹೊತ್ತು ಬಂದ ಹೆಂಗಸರನ್ನು ನಮ್ಮ ಅಪ್ಪ ಒಂದು ದಿನವೂ ಹಿಂದೆ ಕಳಿಸಿದವರಲ್ಲ. ನನಗೆ ಆ ಮಾತಿಗೆ ಬಾಯಿ ಬರಲಿಲ್ಲ." ಮಹಾಬಲ ಗೋಣಿಯಿಂದ ಒಂದು ಗುಂಡು ಎತ್ತಿಕೊಂಡ. "ನಮ್ಮ ಮನೆಗೂ ಅದನ್ನೇ ಹಾಕಿದ್ದು," ಎಂದು ಅಂಗಡಿಯ ಹಿಂದಿನ ಅಡಿಗೆಮನೆಯ ಕಡೆ ನೋಡಿದ. ಆಮೇಲೆ ಅವನನ್ನು ಜೀಪಿಗೆ ಎತ್ತಿಯೇ ಹತ್ತಿಸಬೇಕಾಯಿತು.

ಸೀತು ಬದುಕಿ ಮನೆಗೆ ಬಂದಳು. ಆದರೆ ಹೆಸರು ಹಿಡಿದು ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಪೂವಮ್ಮ ಅವಳ ಬಾಯಿಗೆ ಗಂಜಿ ಇಡುತ್ತಿದ್ದಳು, ಅದು ಕಟಬಾಯಿಯಿಂದ ಇಳಿಯುತ್ತಿತ್ತು.

"ನಿಮ್ಮ ಮೇಲಿನ ದೂರು ಬಿಟ್ಟು ಹೋಯ್ತು ಪೂವಕ್ಕ," ಎಂದ ಡೊಂಬಯ್ಯ.

"ಎಂತ ಬಿಟ್ಟು ಹೋದ್ದು?" ಅವಳು ತಲೆಯೆತ್ತಲಿಲ್ಲ. "ಕೊಟ್ಟದ್ದು ಈ ಕೈಯೇ ಅಲ್ವಾ?"

ಠಾಣೆಗೆ ಬಂದಾಗ ಚೆನ್ನಕೇಶವರು ಖಾನೆ ಎಳೆದು ಆ ಪತ್ರಕ್ಕೆ ಸಹಿ ಹಾಕಿ ಕೊಟ್ಟರು. ಡೊಂಬಯ್ಯ ಅದನ್ನು ಒಂದೊಂದು ಊರಿಗೂ ನಕಲು ಮಾಡಿ ಲಕೋಟೆಗೆ ಹಾಕಿ ಅಂಚೆ ಕಚೇರಿಗೆ ನಡೆದ. ಪಂಜದ್ದು ಎಲ್ಲಕ್ಕಿಂತ ಮೇಲಿತ್ತು.

ಪೋಸ್ಟ್ ಮಾಸ್ಟರರು ವಿಳಾಸ ನೋಡಿ ಮುದ್ರೆ ಒತ್ತಿದರು.

"ಪಂಜದ ಟಪ್ಪಾಲು ಈಗಷ್ಟೇ ಹೋಯ್ತಲ್ಲ ಮಾರಾಯ್ರೆ. ನಾಳೆ ಆದಿತ್ಯವಾರ. ಇನ್ನು ಸೋಮವಾರವೇ."

"ಆಗಲಿ," ಎಂದ ಡೊಂಬಯ್ಯ. ಲಕೋಟೆಗಳು ಚೀಲದೊಳಗೆ ಬಿದ್ದವು.