ಹೊಗೆಯಿಲ್ಲದ ಯಾರ್ಡ್

ನನ್ನ ಕುತ್ತಿಗೆಗೆ ಚಾರ್ಜಿಂಗ್ ಕೇಬಲ್ ಸುತ್ತಿದ್ದ ದಾಂಡಿಗ ಇನ್ನಷ್ಟು ಬಿಗಿದ.

ಕಣ್ಣಿಗೆ ಕತ್ತಲೆ ಕಟ್ಟಿತು!

“ಮೆಲ್ಲಗೆ ಕಣೋ,” ಎಂದ ಹಸಿರಣ್ಣ. “ಫೋನಲ್ಲಿ ಮಾತಾಡೋಕೆ ಗಂಟಲು ಬೇಕಲ್ಲ ಇವನಿಗೆ!”

ಹಸಿರಣ್ಣ ಈ ಎಲೆಕ್ಟ್ರಿಕ್ ಟ್ಯಾಕ್ಸಿ ಯಾರ್ಡಿನ ಧಣಿ. ಹಸಿರು ಶರ್ಟು, ಹಸಿರು ಕಾರು. ಗೇಟಿನ ಮೇಲೆ ಆಳೆತ್ತರದ ಬೋರ್ಡು: ‘ಇಲ್ಲಿ ಹೊಗೆಯೇ ಇಲ್ಲ!’

ನಿಜ ಸ್ವಾಮಿ, ಇಲ್ಲಿಲ್ಲ. ಇವನ ನಲವತ್ತು ಕಾರುಗಳಿಗೆ ಕರೆಂಟ್ ಬರುವುದು ಊರಾಚೆಯ ಕಲ್ಲಿದ್ದಲು ಸ್ಥಾವರದಿಂದ. ಮುಚ್ಚಬೇಕಿತ್ತು ಅದನ್ನು... ಬೇಡಿಕೆ ಏರಿತೆಂದು ಮತ್ತೆ ಉರಿಸಿದರು. ಅಲ್ಲಿ ಬೂದಿ ಬಾಚಿದವರು ನನ್ನ ಭಾವ.

ಹೊಗೆಯೆಲ್ಲ ಅವರ ಎದೆಯಲ್ಲಿದೆ.

ಪಕ್ಕದ ಬೀದಿಯಲ್ಲೇ ಅವರ ಮನೆ. ಆಕ್ಸಿಜನ್ ಮೆಷಿನ್ ಓಡಿದರೆ ಭಾವನಿಗೆ ಉಸಿರು.

ಕರೆಂಟ್ ಕಳ್ಳರನ್ನು ಹಿಡಿಯುವುದು ನನ್ನ ಕಸುಬು. ಹಸಿರಣ್ಣ ಆ ಬೀದಿಯ ಲೈನಿಗೇ ಕನ್ನ ಹಾಕಿದ್ದ. ಕಾರುಗಳು ಕುಡಿಯತೊಡಗಿದರೆ ಬೀದಿಯ ವೋಲ್ಟೇಜ್ ನೆಲ ಕಚ್ಚುತ್ತಿತ್ತು. ಮೆಷಿನ್ನೂ!

ನನ್ನ ಫೋನ್ ಹೊಡೆದುಕೊಂಡಿತು. ಹಸಿರಣ್ಣ ಸ್ಪೀಕರ್ ಒತ್ತಿದ. ಅಕ್ಕ!

“ತಮ್ಮಾ, ಮೆಷಿನ್ ಕೂಗ್ತಿದೆ ಕಣೋ! ಇವರ ತುಟಿ ನೀಲಿ ಆಗ್ತಿದೆ... ಎಲ್ಲಿದ್ದೀಯೋ?”

ಕಟ್ ಮಾಡಿದ.

“ಒಂದು ನಿಮಿಷ ಪ್ಲಗ್ ಕೀಳಣ್ಣಾ!”

“ಎಲ್ಲಾ ಲಾಕ್ ಆಗಿವೆ. ಕೀ ಇಲ್ಲಿದೆ.” ಜೇಬು ತಟ್ಟಿಕೊಂಡ. “ಮೊದಲು ನಿನ್ನ ಸಾಹೇಬರಿಗೆ ಹೇಳು, ಯಾರ್ಡ್ ಕ್ಲೀನ್ ಅಂತ.”

ಹೇಳಿದೆ. ಮಾನ ಬಿಟ್ಟು ಹೇಳಿದೆ.

“ಈಗ ಕೀಳು!”

“ಯಾಕಪ್ಪಾ? ಸಂಜೆ ಟ್ರಿಪ್ ಇದೆ. ನಿನ್ನ ಭಾವ ಹೇಗೂ ಹಳೇ ಬ್ಯಾಟರಿ!”

ದಾಂಡಿಗ ಗಹಗಹಿಸಿ ನಕ್ಕ. ಹಿಡಿತ ಸಡಿಲ!

ಹಿಂದಲೆಯಿಂದ ಗುದ್ದಿದೆ. ಅವನ ಮೂಗು ಪಚಕ್! ಜಾಕ್ ರಾಡ್ ಕೈಗೆ ಸಿಕ್ಕಿತು. ಮಂಡಿಗೆ ಬೀಸಿದೆ. ಮತ್ತೆ ಏಳಲಿಲ್ಲ ಅವನು.

ಹಸಿರಣ್ಣನಿಂದ ಫೋನ್ ಕಿತ್ತುಕೊಂಡು ಫ್ಯೂಸ್ ಪೆಟ್ಟಿಗೆಯತ್ತ ಓಡಿದೆ. ಹಿಂದೆ ಸದ್ದಿಲ್ಲ... ಏನೂ ಇಲ್ಲ... ಗೋಡೆಯ ಮೇಲೆ ನೆರಳು!

ಪಕ್ಕಕ್ಕೆ ಹಾರಿದೆ. ಹಸಿರು ಕಾರು ಗೋಡೆಗೆ ಅಪ್ಪಳಿಸಿತು!

ಹಸಿರಣ್ಣ ಇಳಿದ. ನನ್ನ ಕೈಯ ರಾಡ್ ನೋಡಿದ. ಬ್ಯಾಟರಿ ಕೋಣೆಗೆ ನುಗ್ಗಿ ಉಕ್ಕಿನ ಬಾಗಿಲು ಹಾಕಿಕೊಂಡ. ಕರೆಂಟ್ ಇದ್ದರಷ್ಟೇ ತೆರೆಯುವ ಎಲೆಕ್ಟ್ರಿಕ್ ಲಾಕ್. ಕೆಲಸದವರು ಕದಿಯುತ್ತಾರೆಂದು ಒಳಗಿನ ಹಿಡಿಕೆಯನ್ನು ತಾನೇ ಕೀಳಿಸಿದ್ದ.

ಫ್ಯೂಸ್ ಎಳೆದೆ.

ಯಾರ್ಡ್ ಸತ್ತಿತು.

ಅಕ್ಕನ ಫೋನ್. ಅಳುತ್ತಿದ್ದಳು. “ಮೆಷಿನ್ ಓಡ್ತು ಕಣೋ! ಉಸಿರಾಡ್ತಿದ್ದಾರೆ!”

ಬ್ಯಾಟರಿ ಕೋಣೆಯ ಕೂಲಿಂಗ್ ಫ್ಯಾನೂ ನಿಂತಿತ್ತು. ಅಲ್ಲಿ ಉಬ್ಬಿದ ಹಳೇ ಬ್ಯಾಟರಿಗಳ ರಾಶಿ... ಬುಸ್ಸೆಂದಿತು.

“ಲೇ! ಬಾಗಿಲು ಬರ್ತಿಲ್ಲ! ಫ್ಯೂಸ್ ಹಾಕೋ!”

“ಹಾಕಿದ್ರೆ ನಲವತ್ತು ಕಾರೂ ಕುಡೀತವೆ ಅಣ್ಣಾ. ಭಾವ ಹೋಗಿಬಿಡ್ತಾರೆ. ಮೊದಲು ಪ್ಲಗ್ ಕೀಳಬೇಕು. ಕೀ ಎಲ್ಲಿದೆ?”

ಒಳಗಿನಿಂದ ಸೂರಿನಡಿಯ ಗವಾಕ್ಷಿಯ ಜಾಲರಿಗೆ ಕೀಗೊಂಚಲು ತಾಗಿ ಕಿಣಿಕಿಣಿ ಎಂದಿತು. ತೂರಲಿಲ್ಲ.

“ಹೋಗ್ತಿಲ್ವೋ! ಒಂದೇ ಒಂದು ನಿಮಿಷ ಹಾಕೋ! ಕಾಲಿಗೆ ಬೀಳ್ತೀನಿ ತಮ್ಮಾ!”

“ನೀನು ಕೊಟ್ಟೆಯಾ ಒಂದು ನಿಮಿಷ?”

ಫ್ಯೂಸನ್ನು ಜೇಬಿಗಿಳಿಸಿದೆ. ತಟ್ಟಿಕೊಂಡೆ. ಅವನ ಹಾಗೆಯೇ.

ಗವಾಕ್ಷಿಯಿಂದ ಕರಿ ಹೊಗೆ ಉಕ್ಕಿತು. ಕಿರುಚಾಟ ಕೆಮ್ಮಾಯಿತು. ಕೆಮ್ಮು ನಿಂತಿತು. ಹೊಗೆ ನಿಲ್ಲಲಿಲ್ಲ... ಗೇಟಿನತನಕ ಹಬ್ಬಿತು.

ಗೇಟಿನ ಮೇಲೆ ಏನು ಬರೆದಿತ್ತೆಂದು ಆಮೇಲೆ ಬಂದವರು ಕೇಳಿದರು. ಓದೋಣವೆಂದರೆ ಹೊಗೆ ಬಿಡಲಿಲ್ಲ ಸ್ವಾಮಿ!