ಕೇಳದೆ ಬಿಚ್ಚಿದ ನಟ್ಟು

"ನಾನು ನಿಮ್ಮನ್ನ ಕರೆದ್ನಾ?"

ರಸ್ತೆ ಬದಿಯಲ್ಲಿ, ಗಾಳಿ ಹೋದ ಚಕ್ರದ ಮುಂದೆ ಮಂಡಿಯೂರಿದ್ದ ಅವಳು ಅದನ್ನು ಕೇಳಿದ ರೀತಿಗೆ, ಅವನ ಕೈಯಲ್ಲಿ ಗುರುಗುಟ್ಟುತ್ತಿದ್ದ ಯಂತ್ರವೂ ಬಾಯಿ ಮುಚ್ಚಿತು.

ಅವನು ಒಳ್ಳೆಯ ಮನಸ್ಸಿನಿಂದಲೇ ಬೈಕ್ ನಿಲ್ಲಿಸಿದ್ದ. ಹೆಣ್ಣುಮಗಳೊಬ್ಬಳು ಸ್ಪ್ಯಾನರಿನ ಜೊತೆ ಗುದ್ದಾಡುತ್ತಿದ್ದಾಳೆ, ಸುತ್ತ ನಾಲ್ಕು ಜನ ನಿಂತು ಪುಕ್ಕಟೆ ಸಲಹೆ ಕೊಡುತ್ತಿದ್ದಾರೆ. ಗಳಿಗೆಯಲ್ಲಿ ನಟ್ಟು ಬಿಚ್ಚುವ, ಬ್ಯಾಟರಿಯಿಂದ ನಡೆಯುವ ಇಂಪ್ಯಾಕ್ಟ್ ರೆಂಚ್ ತನ್ನ ಚೀಲದಲ್ಲೇ ಇದೆ. ಮಾತಾಡುವುದೇನಿದೆ? ಪಕ್ಕದಲ್ಲಿ ಕೂತ, ಉಳಿದಿದ್ದ ಎರಡು ನಟ್ಟಿಗೆ ಹಿಡಿದ, ಬಿಚ್ಚಿಬಿಟ್ಟ.

ಆದರೆ ಅಷ್ಟು ಹೊತ್ತಿಗೆ ಅವಳು ಎರಡು ನಟ್ಟುಗಳನ್ನು ತಾನೇ ಬಿಚ್ಚಿದ್ದಳು. ಅಂಗೈಯಲ್ಲಿ ಬೊಬ್ಬೆ ಬಂದಿತ್ತು. ಉಳಿದ ಎರಡನ್ನೂ ಬಿಚ್ಚಿಯೇ ತೀರುತ್ತೇನೆಂದು ಹಲ್ಲು ಕಚ್ಚಿ ಕೂತವಳ ಕೈಯಿಂದ ಯಾರೋ ಗೆಲುವು ಕಿತ್ತುಕೊಂಡಂತಾಯಿತು.

"ಸಹಾಯ ಮಾಡೋಣ ಅಂತ..." ಎಂದ ಅವನು.

"ಕೇಳದೆ ಕೈ ಹಾಕಬೇಡಿ. ನನ್ನ ವ್ಯಾನು, ನನ್ನ ನಟ್ಟು."

ನಿಂತಿದ್ದವರು ಕಿಸಕ್ಕೆಂದರು. ಅವನ ಮುಖ ಕೆಂಪಾಯಿತು. ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ, ಯಾರೂ ಊಹಿಸದ ಕೆಲಸ ಮಾಡಿದ... ತಾನು ಬಿಚ್ಚಿದ್ದ ಎರಡೂ ನಟ್ಟುಗಳನ್ನು ಅದೇ ಯಂತ್ರದಿಂದ ಮೊದಲಿನಂತೆ ಬಿಗಿದು, ಕೈ ಒರೆಸಿಕೊಂಡು, ಬೈಕ್ ಹತ್ತಿ ಹೊರಟೇಹೋದ.

ಎಂಥ ಸೊಕ್ಕು!

ಅವಳು ಸ್ಪ್ಯಾನರಿನ ಹಿಡಿಯ ಮೇಲೆ ಹತ್ತಿ ನಿಂತಳು, ಕುಣಿದಳು, ದೇಹದ ಭಾರವನ್ನೆಲ್ಲ ಹಾಕಿದಳು. ಕೊನೆಗೂ ನಟ್ಟುಗಳು ಸೋತವು. ಆದರೆ ಅಷ್ಟರಲ್ಲಿ, ಸೋಫಾ ರಿಪೇರಿಗೆಂದು ಅವಳನ್ನು ಕರೆದಿದ್ದ ಹೋಟೆಲಿನವರು ಕಾದು ಕಾದು, ಆ ಸೋಫಾಗಳನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು.

ಅವಳ ಕಸುಬೇ ಅದು. ಹರಿದ ಕುರ್ಚಿ, ಕುಸಿದ ಸೋಫಾಗಳನ್ನು ತಂದು, ಸ್ಪಂಜು ತುಂಬಿ, ಹೊಸ ಬಟ್ಟೆ ಹೊದಿಸಿ, ಹೊಸದಾಗಿಸಿ ಹಿಂದಿರುಗಿಸುವುದು. ಬೀದಿಯವರೆಲ್ಲ ಅವಳನ್ನು ಸೋಫಾ ಅಕ್ಕ ಎಂದೇ ಕರೆಯುತ್ತಿದ್ದರು. ಆ ಹಳೇ ವ್ಯಾನಿಲ್ಲದಿದ್ದರೆ ಸೋಫಾ ಅಕ್ಕನೂ ಇಲ್ಲ.

ಮನೆಯಲ್ಲಿ ಅಣ್ಣ ಕಾಯುತ್ತಿದ್ದ. ಅವನಿಗೆ ಊರಿನ ನಡುವೆ ದೊಡ್ಡ ಪೀಠೋಪಕರಣದ ಶೋರೂಮು. ತಂಗಿ ಅಲ್ಲಿಗೆ ಬಂದು ಕೂರಬೇಕೆಂಬುದು ಅವನ ಬಹುದಿನದ ಹಟ. ಕೆಟ್ಟವನಲ್ಲ ಪಾಪ. ಅವಳಿಗೆಂದು ಅಲ್ಲಿ ಕಿಟಕಿ ಪಕ್ಕದಲ್ಲಿ ಮೇಜು ಹಾಕಿಸಿ, ಮೇಲೊಂದು ಫ್ಯಾನನ್ನೂ ಹಾಕಿಸಿಟ್ಟಿದ್ದ. ಆದರೆ ಬೇರೆಯವರು ಮಾಡಿದ ಸೋಫಾಗಳ ಬೆಲೆ ಹೇಳುತ್ತಾ ಕೂರುವುದೆಂದರೆ ಅವಳಿಗೆ ಉಸಿರು ಕಟ್ಟಿದಂತೆ.

ಕೆಲಸ ತಪ್ಪಿದ ಸುದ್ದಿ ಕೇಳಿ ಅಣ್ಣ, ದಾರಿಯಲ್ಲಿ ನಿಲ್ಲುವ ಗಾಡಿಯನ್ನು ನಂಬಿಕೊಂಡು ಎಷ್ಟು ದಿನ ಅಂತ ಬದುಕ್ತೀಯಾ ಎಂದು ಶುರು ಮಾಡಿದ. ಮಾತಿಗೆ ಮಾತು ಬೆಳೆಯಿತು. ಸಿಟ್ಟಿನಲ್ಲಿ ಅವಳು ಹೇಳಿಯೇಬಿಟ್ಟಳು, "ಇನ್ನೊಂದು ಕೆಲಸ ಈ ವ್ಯಾನಿಂದ ತಪ್ಪಿದ್ರೆ ಮಾರಿಬಿಡ್ತೀನಿ. ನಿನ್ನ ಫ್ಯಾನಿನ ಕೆಳಗೆ ಬಂದು ಕೂರ್ತೀನಿ. ಸರೀನಾ?"

"ಮಾತು?"

"ಮಾತು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಕಣ್ಣಲ್ಲೇ ಬೇಡ ಬೇಡ ಎಂದಳು. ಬಾಣ ಬಿಟ್ಟಾಗಿತ್ತು.

ಇನ್ನು ಯಾರ ಹಂಗೂ ಬೇಡ. ತನ್ನದೇ ಒಂದು ಯಂತ್ರ ಬೇಕು, ಅದೂ ಊರಿನಲ್ಲೇ ದೊಡ್ಡದು. ಹಾಗೆಂದುಕೊಂಡು ಉಪಕರಣಗಳ ಅಂಗಡಿಯ ಮೆಟ್ಟಿಲು ಹತ್ತಿದವಳು ಅಲ್ಲೇ ನಿಂತುಬಿಟ್ಟಳು. ಗಲ್ಲಾದ ಹಿಂದೆ ಅವನೇ ಇದ್ದ!

ತಿರುಗಿ ಹೋಗಲೇ ಎನ್ನಿಸಿತು. ಹೋದರೆ ಸೋತಂತೆ. ಒಳಗೆ ನಡೆದಳು.

"ಇಂಪ್ಯಾಕ್ಟ್ ರೆಂಚ್ ಬೇಕು. ಮನೆಯಲ್ಲೇ ಗಾಡಿ ರಿಪೇರಿಗೆ."

ಅವನು ಗುರುತು ಹಿಡಿದದ್ದು ಕಿವಿ ಕೆಂಪಾದದ್ದರಲ್ಲೇ ತಿಳಿಯಿತು. ಮಾತಾಡದೆ ಒಳಗೆ ಹೋಗಿ ಮೂರು ಯಂತ್ರಗಳನ್ನು ತಂದು ಸಾಲಾಗಿಟ್ಟ. ಆಟಿಕೆಯಂಥ ಒಂದು ಚಿಕ್ಕದು, ಹಸಿರು ಬಣ್ಣದ ಒಂದು ನಡುಗಾತ್ರದ್ದು, ಲಾರಿ ಚಕ್ರವನ್ನೂ ಅಲ್ಲಾಡಿಸಬಲ್ಲ ಒಂದು ಭಾರೀ ಕಪ್ಪು ಯಂತ್ರ. ಆಮೇಲೆ ಹಸಿರನ್ನು ಮೆಲ್ಲಗೆ ಅವಳತ್ತ ತಳ್ಳಿದ.

ಓಹೋ... ಹೆಂಗಸಿಗೆ ಇಷ್ಟು ಸಾಕು ಅಂತಲೋ?

ಅವಳು ಅದನ್ನು ಅಷ್ಟೇ ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಕಪ್ಪು ಯಂತ್ರವನ್ನು ಎತ್ತಿದಳು. ಮಣಿಕಟ್ಟು ನಡುಗಿತು. ನಡುಗಿದ್ದು ಅವನಿಗೆ ಕಾಣದಿರಲೆಂದು ಎದೆಗವುಚಿಕೊಂಡಳು.

"ಇದು."

ಅವನು ಬಾಯಿ ತೆರೆದ... ಮುಚ್ಚಿದ. ಅದಕ್ಕೆ ಸರಿಹೊಂದುವ ಬ್ಯಾಟರಿ, ಚಾರ್ಜರುಗಳನ್ನು ಜೊತೆಗೆ ಕಟ್ಟಿಕೊಟ್ಟ. ಅವಳು ಗೆದ್ದ ಮುಖದಲ್ಲಿ ಮೆಟ್ಟಿಲಿಳಿದಳು. ಆದರೂ ಆ ತೆರೆದು ಮುಚ್ಚಿದ ಬಾಯಿ ದಾರಿಯುದ್ದಕ್ಕೂ ಯಾಕೆ ನೆನಪಾಗುತ್ತಿತ್ತೋ.

ಕಣ್ಣಾಸ್ಪತ್ರೆಯ ಕುರ್ಚಿಗಳ ಕೆಲಸ ಬಂದದ್ದು ಆಮೇಲೆ. ರೋಗಿಗಳು ಕಾಯುವ ಕೋಣೆಯ ಅಷ್ಟೂ ಕುರ್ಚಿಗಳು. ಅವಳು ಪ್ರತಿಯೊಂದರ ಅಂಚನ್ನೂ ಬೆರಳಿಟ್ಟು ನೋಡಿ ಹೊಲಿದಿದ್ದಳು. ಕಣ್ಣಿಗೆ ಔಷಧಿ ಹಾಕಿಸಿಕೊಂಡು ತಡವರಿಸುತ್ತಾ ಬರುವವರ ಕೈಗೆ ಒಂದು ಮೊಳೆಯೂ ತಾಗಬಾರದು. ಒಪ್ಪಿಸುವ ದಿನ ಸಂಜೆ ಆಸ್ಪತ್ರೆ ಬಾಗಿಲು ಹಾಕುವ ಮುಂಚೆ ಅವೆಲ್ಲ ಅಲ್ಲಿರಬೇಕು.

ಆ ಬೆಳಿಗ್ಗೆಯೇ ಹಿಂದಿನ ಚಕ್ರ ನೆಲಕ್ಕೆ ಕೂತಿತ್ತು.

ಅವಳಿಗೆ ಒಳಗೊಳಗೇ ಖುಷಿಯಾಯಿತೆಂದರೆ ನಂಬಬೇಕು. ಕಪ್ಪು ಯಂತ್ರ ತಂದಳು. ನಟ್ಟುಗಳು ಹೂ ಕಿತ್ತಂತೆ ಬಂದವು. ಸ್ಟೆಪ್ನಿ ಏರಿಸಿ, ಅದೇ ಯಂತ್ರದಿಂದ ಬಿಗಿಯತೊಡಗಿದಳು. ಗಟ್ಟಿಯಾಗಿರಲಿ, ಇನ್ನೂ ಗಟ್ಟಿಯಾಗಿರಲಿ ಎಂದು ಗುಂಡಿ ಒತ್ತಿಯೇ ಹಿಡಿದಳು.

ಟಕ್.

ನಟ್ಟು, ಅದರೊಳಗೆ ಸಿಕ್ಕಿದ ಬೋಲ್ಟಿನ ತುಂಡಿನ ಸಮೇತ ಕಾಲ ಬಳಿ ಉರುಳಿತು. ಹಳೇ ಬೋಲ್ಟಿರಬೇಕು ಎಂದುಕೊಂಡು ಮುಂದಿನದಕ್ಕೆ ಹೋದಳು. ಅದೂ ಟಕ್. ನಾಲ್ಕರಲ್ಲಿ ಎರಡು ಹೋದ ಮೇಲೆ ಆ ಚಕ್ರವನ್ನು ನಂಬಿ ರಸ್ತೆಗಿಳಿಯುವ ಹಾಗಿರಲಿಲ್ಲ.

ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದ ಅಣ್ಣ ಲೋಟ ಕೆಳಗಿಟ್ಟ. ನಗಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. "ಬೇಜಾರು ಮಾಡ್ಕೋಬೇಡ," ಎಂದ, "ನಾಳೆ ನನ್ನ ಜೊತೆಗೇ ಹೊರಡು."

"ಇನ್ನೂ ಸಂಜೆ ಆಗಿಲ್ಲ ಅಣ್ಣ," ಎಂದವಳೇ ಮುರಿದ ತುಂಡುಗಳನ್ನು ಮುಷ್ಟಿಯಲ್ಲಿ ಹಿಡಿದು ನಡೆದಳು.

ಅಂಗಡಿಯ ಗಾಜಿನ ಮೇಜಿನ ಮೇಲೆ ಬೋಲ್ಟಿನ ತುಂಡುಗಳು ಬಿದ್ದ ಸದ್ದಿಗೆ ಅವನು ತಲೆಯೆತ್ತಿದ.

"ಬಿಗಿಯೋಕೆ ಆ ಯಂತ್ರ ಬಳಸಿದ್ರೆ ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತಾ?"

"...ಗೊತ್ತಿತ್ತು."

"ಮತ್ತೆ ಹೇಳಲಿಲ್ಲ ಯಾಕೆ?"

"ನೀವೇ ಅಂದಿದ್ರಲ್ಲ, ಕೇಳದೆ..."

"ಕೇಳದೆ ಕೈ ಹಾಕಬೇಡಿ ಅಂದಿದ್ದೆ. ಬಾಯಿ ಮುಚ್ಕೊಂಡಿರಿ ಅಂದಿರಲಿಲ್ಲ."

ಅವನು ಆ ತುಂಡುಗಳನ್ನು ಅಂಗೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ.

"ನಿಜ," ಎಂದ ಕೊನೆಗೆ. "ನಿಮ್ಮ ಮಾತಿಗೆ ಗೌರವ ಕೊಡ್ತಿದ್ದೀನಿ ಅಂದುಕೊಂಡಿದ್ದೆ. ಅದರಲ್ಲಿ ಅರ್ಧ ಮುನಿಸಿತ್ತು. ಅವತ್ತು ನಟ್ಟು ವಾಪಸ್ ಬಿಗಿದದ್ದೂ ಮುನಿಸೇ. ತಿರುವಿನ ತನಕ ಹೋದೆ, ಆಮೇಲೆ ಹೋಗೋಕಾಗಲಿಲ್ಲ. ನೀವು ಚಕ್ರ ಹಾಕಿ ಹೊರಡೋ ತನಕ ಮರದ ಕೆಳಗೆ ನಿಂತಿದ್ದೆ."

"ನಾನು ಸ್ಪ್ಯಾನರ್ ಮೇಲೆ ಕುಣಿಯೋದನ್ನ ನೋಡ್ತಾ?"

"ಬಿಟ್ಟು ಹೋಗೋಕೆ ಮನಸ್ಸಿಲ್ಲ, ಹತ್ತಿರ ಬರೋಕೆ ಧೈರ್ಯ ಇಲ್ಲ... ಇನ್ನೇನು ಮಾಡ್ಲಿ?"

ಬೈಯಲು ಬಂದವಳಿಗೆ ಬೈಗುಳವೇ ಮರೆತುಹೋಯಿತು. ಸಾವರಿಸಿಕೊಂಡು, ಮತ್ತೆ ಆ ಹಸಿರು ಯಂತ್ರವನ್ನು ತನ್ನತ್ತ ತಳ್ಳಿದ್ದೇಕೆ, ಹೆಂಗಸೆಂದು ತಾನೇ ಎಂದು ಕೇಳಿದಳು.

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅವತ್ತು ವ್ಯಾನಿನ ಹಿಂಬಾಗಿಲು ತೆರೆದಿತ್ತಂತೆ. ಒಳಗೆ ಅವಳ ಹಸಿರು ಡ್ರಿಲ್ ನೇತಾಡುತ್ತಿತ್ತಂತೆ. ಆ ಡ್ರಿಲ್ಲಿನ ಬ್ಯಾಟರಿಯೇ ಅದೇ ಕಂಪನಿಯ ಈ ಹಸಿರು ರೆಂಚಿಗೂ ಕೂರುತ್ತದೆ, ಬೇರೆ ಬ್ಯಾಟರಿ ಚಾರ್ಜರಿನ ತಲೆನೋವಿಲ್ಲ. ಮನೆಯ ಗಾಡಿಯ ನಟ್ಟು ಬಿಚ್ಚಲು ಅದರ ಶಕ್ತಿ ಧಾರಾಳ. ಮಂಡಿಯೂರಿ ಕೂತು ಹಿಡಿದರೂ ಕೈ ಸೋಲುವುದಿಲ್ಲ. ಎಷ್ಟೇ ಒಳ್ಳೆಯ ಯಂತ್ರವಾದರೂ ಬಿಚ್ಚುವುದಕ್ಕೆ ಮಾತ್ರ, ಕೊನೆಯ ಬಿಗಿತ ಕೈಯದ್ದೇ ಆಗಬೇಕು. ಅಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಪಾಪ, ಎಷ್ಟು ದಿನದಿಂದ ಗಂಟಲಲ್ಲಿ ಹಿಡಿದಿಟ್ಟಿದ್ದನೋ.

ಅಂದು ಸುತ್ತ ನಿಂತ ನಾಲ್ಕು ಜನ ಅವಳ ಪರದಾಟವನ್ನು ನೋಡಿದ್ದರು. ಇವನೊಬ್ಬ ಅವಳ ಡ್ರಿಲ್ಲನ್ನು ನೋಡಿದ್ದ.

"ನಡೀರಿ," ಎಂದಳು. "ಏನು ಮಾಡಬೇಕು ಅಂತ ಹೇಳಿ. ಮಾಡೋದು ನಾನು."

ಅವನು ಹಸಿರು ಯಂತ್ರ, ಹೊಸ ಬೋಲ್ಟುಗಳು, ಬಿಗಿತ ಅಳೆಯುವ ಉದ್ದ ಹಿಡಿಯ ಟಾರ್ಕ್ ರೆಂಚ್ ತೆಗೆದುಕೊಂಡು, ಅಂಗಡಿಯ ಬಾಗಿಲೆಳೆದು ಹೊರಟ.

ಅಂಗಳದಲ್ಲಿ ಅವನು ಕೈ ಹಿಂದೆ ಕಟ್ಟಿ ನಿಂತ. ಅತ್ತಿಗೆ ಒಂದು ಹಳೇ ದಿಂಬು ತಂದು ನಾದಿನಿಯ ಮಂಡಿಯ ಕೆಳಗೆ ತುರುಕಿ ಹೋದಳು. ಅಣ್ಣನಿಗೆ ತಡೆಯಲಾಗಲಿಲ್ಲ.

"ಏನಪ್ಪಾ, ನೋಡೋಕೆ ಬಂದ್ಯಾ? ನಿನ್ನ ಕೈಗೇನಾಗಿದೆ?"

"ನನ್ನ ಕೈ ಚೆನ್ನಾಗಿದೆ ಅಣ್ಣ. ಅವರದ್ದು ಇನ್ನೂ ಚೆನ್ನಾಗಿದೆ."

ಚಕ್ರ ಬಂತು. ಅದರ ಹಿಂದಿನ, ಮುರಿದ ಬೋಲ್ಟುಗಳು ಸಿಕ್ಕಿಕೊಂಡಿದ್ದ ಬ್ರೇಕಿನ ಡ್ರಮ್ಮು ಮಾತ್ರ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ಜೋರಾಗಿ ಹೊಡೆಯಿರಿ ಎಂದ ಅವನು. ಅವಳು ತಲೆಯಲ್ಲಾಡಿಸಿದಳು. ತನ್ನ ಮರದ ಕೊಡತಿಗೆ ದಪ್ಪ ತೊಗಲಿನ ಚೂರು ಸುತ್ತಿ, ಹಳೇ ಕುರ್ಚಿಯ ಚೌಕಟ್ಟು ಸಡಿಲಿಸುವಂತೆ ಸುತ್ತಲೂ ಮೆಲ್ಲಗೆ ತಟ್ಟುತ್ತಾ ಬಂದಳು. ಡ್ರಮ್ಮು ಒಂದು ಗೀರೂ ಇಲ್ಲದೆ ಕೈಗೆ ಬಂತು.

"ಇದು ನನಗೆ ಗೊತ್ತಿರಲಿಲ್ಲ," ಎಂದ ಅವನು.

"ಕೇಳಿದ್ರೆ ಹೇಳ್ಕೊಡ್ತೀನಿ."

ಅಣ್ಣ ಕೆಮ್ಮಿದ. ಅತ್ತಿಗೆ ಸೆರಗಿನಲ್ಲಿ ನಗು ಮುಚ್ಚಿದಳು.

ಮುರಿದ ಬೋಲ್ಟಿನ ಮೊಂಡುಗಳನ್ನು ಹೊರಗೆ ಬಡಿದು, ಹೊಸ ಬೋಲ್ಟು ಕೂರಿಸಿ, ಚಕ್ರ ಏರಿಸಿದ್ದಾಯಿತು. ಯಂತ್ರವನ್ನು ಬದಿಗಿಟ್ಟು ಅವಳು ಉದ್ದ ಹಿಡಿಯ ರೆಂಚನ್ನು ಎರಡೂ ಕೈಯಲ್ಲಿ ಎಳೆದಳು. ಸಾಕು ಎನ್ನುವಂತೆ ಅದು ಟಿಕ್ ಎಂದಿತು. ಎದುರುಬದುರಾಗಿ ನಾಲ್ಕೂ ಟಿಕ್ ಎಂದವು.

ಅಣ್ಣ ಎದ್ದು ಬಂದು ಚಕ್ರವನ್ನು ತಾನೇ ಹಿಡಿದು ಅಲ್ಲಾಡಿಸಿ ನೋಡಿದ. ಅಲುಗಲಿಲ್ಲ.

ಅವಳು ಎಣ್ಣೆ ಕೈಯಲ್ಲೇ ಹಣೆಯ ಬೆವರು ಒರೆಸಿದಳು. "ಒಂದು ಮಾತು ಹೇಳ್ತೀನಿ ಅಣ್ಣ. ಇವತ್ತು ಕೆಲಸ ತಪ್ಪಿದ್ರೂ ನಾನು ಶೋರೂಮಿಗೆ ಬರ್ತಿರಲಿಲ್ಲ. ಸಿಟ್ಟಲ್ಲಿ ಕೊಟ್ಟ ಮಾತು, ಮುರೀತಿದ್ದೆ. ಮಾತು ತಪ್ಪಿದವಳು ಅಂತ ನೀನು ಊರಿಗೆಲ್ಲ ಹೇಳ್ಕೊಂಡು ಬಂದಿದ್ರೂ ಸರಿ. ಈ ಕೆಲಸ ಬಿಟ್ಟು ನಾನಿಲ್ಲ."

ಅಣ್ಣ ತಂಗಿಯ ಮುಖ ನೋಡಿದ. ಎಣ್ಣೆ, ಧೂಳು, ಹೊಳೆಯುವ ಎರಡು ಕಣ್ಣು. ಅಂಗಿಯ ತೋಳು ಮಡಿಸಿ, ಕೊಟ್ಟಿಗೆಯಲ್ಲಿದ್ದ ಕುರ್ಚಿಗಳನ್ನು ಒಂದೊಂದಾಗಿ ತಂದು ವ್ಯಾನಿಗೆ ತುಂಬತೊಡಗಿದ. ಹೊಲಿಗೆಗೆ ಉಗುರು ತಾಗದಂತೆ, ಅಂಗೈ ಮೇಲೆ ಹೊತ್ತು.

ಅವಳು ಮುಖ ತಿರುಗಿಸಿಕೊಂಡು ಕಣ್ಣೊರೆಸಿಕೊಂಡಳು.

ಆಸ್ಪತ್ರೆಯವರು ಇನ್ನೇನು ದೀಪ ಆರಿಸುವವರಿದ್ದರು. ಕುರ್ಚಿಗಳನ್ನೆಲ್ಲ ಜೋಡಿಸಿ ಅವಳೂ ಅಂಗಡಿಯವನೂ ಹೊರಬಂದಾಗ ಬೀದಿಯ ಮೇಲೆ ಸಂಜೆಯ ಬೆಳಕು ತೆಳ್ಳಗೆ ಹರಡಿತ್ತು. ಇಳಿಸಲು ಸಹಾಯಕ್ಕೆ ಬರಲೇ ಎಂದು ಅವನು ಕೇಳಿಯೇ ಬಂದಿದ್ದ. ಅವಳೂ ಹ್ಞೂಂ ಎಂದೇ ಕರೆತಂದಿದ್ದಳು.

ಅವನು ಮುಂದಿನ ಸೀಟಿನಲ್ಲಿ ಕೂತವನೇ ಅಯ್ಯೋ ಎಂದು ಎದ್ದ. ಸೀಟು ಹರಿದು, ಸ್ಪ್ರಿಂಗು ಹೊರಗಿಣುಕಿತ್ತು.

"ದೀಪದ ಕೆಳಗೆ ಕತ್ತಲೆ ಅನ್ನೋದು ಇದಕ್ಕೇನಾ?"

"ಅಲ್ಲಿ ಯಾರೂ ಕೂರಲ್ಲ," ಎಂದಳು, ರಸ್ತೆಯನ್ನೇ ನೋಡುತ್ತಾ. "ಅದಕ್ಕೇ ಹೊಲಿಯೋಕೆ ಹೋಗಲಿಲ್ಲ."

ಅವನು ಸ್ಪ್ರಿಂಗಿನ ಪಕ್ಕಕ್ಕೆ ಸರಿದು, ಅರ್ಧ ಸೀಟಿನಲ್ಲಿ ಕೂತ.

"ಹೇಳಬೇಕಾದ್ದನ್ನ ನುಂಗಿದ್ರೆ ಏನಾಗುತ್ತೆ ಅಂತ ಇವತ್ತು ಗೊತ್ತಾಯ್ತು. ಅದಕ್ಕೇ ಹೇಳಿಬಿಡ್ತೀನಿ," ಎಂದ ಅವನು. "ನೀವು ಅಂದ್ರೆ ನನಗೆ ಇಷ್ಟ. ಮದುವೆ ಆಗೋ ಅಷ್ಟು."

ಅವಳು ಗದ್ದ ಮೇಲೆತ್ತಿಯೇ ಹೇಳಿದಳು, "ಮೊದಲೇ ಹೇಳ್ತೀನಿ. ನಾನು ನಿಮ್ಮ ಅಂಗಡಿಗೆ ಬಂದು ಕೂರಲ್ಲ."

"ಬೇಡ. ನಾನೂ ಗಾದಿ ಹೊಲಿಯಲ್ಲ."

"ಮದುವೆ ಅಂತ ವ್ಯಾನ್ ಮಾರಲ್ಲ."

"ಮಾರಿದ್ರೆ ನಾನೆಲ್ಲಿ ಕೂರಲಿ?"

ಅವಳು ನಕ್ಕಳು. ಇಡೀ ದಿನದಲ್ಲಿ ಮೊದಲ ಸಲ. ಕೀಲಿ ತಿರುಗಿಸಿದಳು, ವ್ಯಾನು ಗುಡುಗುಟ್ಟಿತು. ಗೇರಿನ ಮೇಲಿಟ್ಟ ಕೈಯನ್ನು ಹಾಗೇ ನಿಲ್ಲಿಸಿ, ಅವನತ್ತ ತಿರುಗಿದಳು.

"ಆ ಸೀಟಿಗೆ ಯಾವ ಬಣ್ಣದ ಬಟ್ಟೆ ಹಾಕ್ಲಿ?"

"ನಿಮಗಿಷ್ಟ ಬಂದದ್ದು."

"ನಾನು ಕೇಳಿದ್ದು ನಿಮ್ಮನ್ನ. ಕೂರೋದು ನೀವು ತಾನೇ?"